ಶ್ರೀಶೈಲದ ತಾಲೀಮು

ಶ್ರೀಶೈಲಕ್ಕೆ ನಡೆದೇ ಬರುತ್ತೇನೆಂದು ದಾನಮ್ಮ ಹರಕೆ ಹೊತ್ತು ಇದು ಮೂರನೆಯ ವರ್ಷ. ಕಾಲು ಪಳಗಬೇಕಲ್ಲ ಎಂದು ದಿನಾ ಬೆಳಗ್ಗೆ ಗೆಳತಿಯರಾದ ನೀಲಕ್ಕ, ಸುವರ್ಣಾರ ಜೊತೆ ಕಾಲುವೆಯ ದಂಡೆಗುಂಟ ನಡೆಯುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಯಾರೂ ಅವಳನ್ನು ಚಹಾ ಕೇಳುತ್ತಿರಲಿಲ್ಲ. ಸೇತುವೆ ಬಳಿಯ ಅಂಗಡಿಯ ಬೆಂಚಿನ ಮೇಲೆ ಕೂತು ಅವಳೇ ಚಹಾ ಕೇಳುತ್ತಿದ್ದಳು. ಗಟ್ಟಿಯಾಗಿ ನಗುತ್ತಿದ್ದಳು ಕೂಡ.

ಯಾತ್ರೆ ಹತ್ತಿರ ಬಂದಾಗ ಗಂಡ ಹೊಸ ಬೂಟು ತಂದು ಮುಂದಿಟ್ಟ.

"ಹ್ವಾದ ವರ್ಷ ನೀಲಕ್ಕನ ಕಾಲು ಉಳುಕಿತು, ಅದರ ಹಿಂದಿನ ವರ್ಷ ಸುವರ್ಣಾಂದು. ಗೆಳತಿನ್ನ ಬಿಟ್ಟು ಹೆಂಗ ಹೋಗ್ಲಿ ಅಂತ ನೀನೂ ಉಳಿದಿ. ಈ ಸಲ ಹರಕಿ ತೀರಿಸೇ ಬಿಡು. ಆಮ್ಯಾಲ ಈ ಮುಂಜಾನಿ ತಿರಗಾಟ ಸಾಕು. ಎದ್ದ ಕೂಡ್ಲೆ ನನಗ ಬಿಸಿ ಚಹಾ ಬೇಕು."

"ಆತ್ರಿ," ಎಂದಳು ದಾನಮ್ಮ.

ಮರುದಿನ ಅಂಗಡಿಯಲ್ಲಿ ವಿಷಯ ಹೇಳಿದಾಗ ಮೂವರ ಚಹಾವೂ ಆರಿತು.

"ಶ್ರೀಶೈಲದ ಮಲ್ಲಯ್ಯಗ ಸಿಟ್ಟು ಬಂದೀತೇನ ಯವ್ವಾ?" ಎಂದಳು ಸುವರ್ಣಾ.

"ಯಾಕ ಬರ್ತೈತಿ? ದಿನಾ ಅವನ ಹೆಸರಿನ ಮ್ಯಾಲೇ ನಡ್ಯಾಕ ಹತ್ತೀವಲ್ಲ," ಎಂದಳು ನೀಲಕ್ಕ.

ದಾನಮ್ಮ ಹೊಸ ಬೂಟು ಬಿಚ್ಚಿ, ಎರಡೂ ಪಾದ ಬೆಂಚಿನ ಮೇಲಿಟ್ಟು ದಿಟ್ಟಿಸಿದಳು.

"ನೀವಿಬ್ರೂ ಬಲಗಾಲು ಉಳುಕಿಸ್ಕೊಂಡ್ರಿ. ನಂದು ಎಡಗಾಲು ಇರ್ಲಿ."