ಕಿಂಡಿಯ ಮೇಲಿನ ಬೊಟ್ಟು

ಕಲ್ಲಿದ್ದಲನ್ನು ಎಣ್ಣೆಯಾಗಿಸುವ ಕಬ್ಬಿಣದ ಪುಡಿಯಲ್ಲಿ ಸಂಶೋಧನೆಯ ಮೇಷ್ಟ್ರು ಹುಡುಕು ಎಂದಿದ್ದ ಒಂದೇ ಒಂದು ಗೆರೆಗಾಗಿ ಚೆಲುವಾಂಬೆ ಆರು ವರ್ಷ ಸವೆಸಿದ್ದಳು. ಈ ಸಲ ದಸರಾ ರಜೆಗೂ ಊರಿಗೆ ಹೋಗಲಿಲ್ಲ. ಆಯುಧಪೂಜೆಯ ಮಾರನೆಯ ದಿನ, ಪುಡಿಗೆ ಕಿರಣ ಹಾಯಿಸಿ ಅದರಲ್ಲಿರುವುದನ್ನೆಲ್ಲ ಗೆರೆಗಳಾಗಿ ತೋರಿಸುವ ಯಂತ್ರ ಕಾಗದದ ಮೇಲೆ ಆ ಗೆರೆಯನ್ನು ಎಳೆದೇಬಿಟ್ಟಿತು.

"ಇನ್ನು ನಿನಗೆ ಡಾಕ್ಟರೇಟ್ ಬಂದ ಹಾಗೇ ಕಣಮ್ಮ," ಎಂದರು ಮೇಷ್ಟ್ರು.

ಸಂಜೆ ಪುಡಿ ತೆಗೆಯಲು ಹೋದಾಗ, ಯಂತ್ರದೊಳಗೆ ಕಿರಣ ಹಾಯುವ ಕಿಂಡಿಯ ಮೇಲೆ ದಪ್ಪನೆಯ ಕೆಂಪು ಬೊಟ್ಟು ಕಂಡಿತು. ಅಟೆಂಡರ್ ಜವರಪ್ಪನನ್ನು ಕರೆದು ಕೇಳಿದಳು.

"ಕುಂಕುಮ ಉದುರೋಯ್ತದೆ ಕಣವ್ವ. ಅದಕ್ಕೇ ಪೂಜೆಗೆ ಕೆಮ್ಮಣ್ಣು ಕಲಸಿ ಇಟ್ಟೆ."

ಕೆಮ್ಮಣ್ಣೆಂದರೆ ಕಬ್ಬಿಣದ ತುಕ್ಕು. ಯಂತ್ರ ಎಳೆದದ್ದು ಪುಡಿಯ ಗೆರೆಯಲ್ಲ, ಈ ಬೊಟ್ಟಿನದು. ಒರೆಸಿದರೆ ಗೆರೆಯೂ ಹೋಗುತ್ತದೆ, ಡಾಕ್ಟರೇಟೂ ಹೋಗುತ್ತದೆ. ಒದ್ದೆ ಬಟ್ಟೆ ಹಿಡಿದು ಬಹಳ ಹೊತ್ತು ನಿಂತವಳು, ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಮೇಷ್ಟ್ರನ್ನೇ ಕರೆತಂದು ತೋರಿಸಿದಳು.

ಮೇಷ್ಟ್ರು ಬೊಟ್ಟನ್ನು ಬಗ್ಗಿ ನೋಡಿದರು. "ಎಷ್ಟು ವರ್ಷದಿಂದ ಹಿಂಗೆ ಇಡ್ತಿದ್ದೀಯ ಜವರಪ್ಪ?"

"ನೀವಿಲ್ಲಿ ಓದೋಕೆ ಬಂದಾಗ್ಲಿಂದ್ಲೂ ಸ್ವಾಮಿ. ರಜ ಮುಗಿಯೋ ಹೊತ್ಗೆ ನಾನೇ ಒರೆಸ್ಬುಡ್ತೀನಿ."

ಮೇಷ್ಟ್ರು ಬಾಗಿಲು ಮುಂದೆ ಮಾಡಿ ಬಂದು, ಅವಳ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡರು.

"ಒರೆಸಬೇಡಮ್ಮ. ನನಗೆ ಡಾಕ್ಟರೇಟ್ ಬಂದದ್ದೂ ಇದೇ ಗೆರೆಯಿಂದ."