ಕೆನ್ನೆಗೊತ್ತಿದ ರೊಟ್ಟಿ

ರೀಗಾ ನಗರದಿಂದ ಬಂದ ನಟಿಯ ಕೈಯಿಂದ ರೈ ಧಾನ್ಯದ ರೊಟ್ಟಿಯ ತುಂಡು, ಹಳ್ಳಿಯ ಕಣಜದಲ್ಲಿ ಕಟ್ಟಿದ್ದ ವೇದಿಕೆಯ ಮೇಲೆ ಬಿತ್ತು. ಅವಳು ಅದನ್ನೆತ್ತಿ ಮುತ್ತಿಟ್ಟಳು, ಆಮೇಲೆ ಕೆನ್ನೆಗೊತ್ತಿಕೊಂಡಳು. ಬಿದ್ದ ರೊಟ್ಟಿಗೆ ಆ ಸೀಮೆಯಲ್ಲಿ ಎಲ್ಲರೂ ಮುತ್ತಿಡುತ್ತಾರೆ. ಕೆನ್ನೆಗೊತ್ತಿಕೊಳ್ಳುತ್ತಿದ್ದವಳು ಆ ಊರಿಗೆ ಒಬ್ಬಳೇ, ಕಳೆದ ವಸಂತದಲ್ಲಿ ಸತ್ತ ದಾರ್ತಾ. ಮುಂದಿನ ಬೆಂಚಿನಲ್ಲಿದ್ದ ಅವಳ ತಾಯಿ ಟ್ರೀನೆ ಎದ್ದು ನಿಂತೇಬಿಟ್ಟಳು.

"ಕೂತ್ಕೊಳ್ಳೇ ಮುದುಕಿ, ನೀನೇನು ಗಾಜಾ, ಆಚೆ ಕಾಣೋಕೆ?" ಎಂದು ಹಿಂದಿನವರು ಗದರಿದರು. ಅವಳು ಕೂರಲಿಲ್ಲ. ಕೊನೆಯ ಅಂಕದಲ್ಲಿ ನಟಿ ಸರೋವರದ ತೆಳು ಮಂಜುಗಡ್ಡೆಯ ಮೇಲೆ ನಡೆದು ಮುಳುಗುವವರೆಗೂ ನಿಂತೇ ಇದ್ದಳು.

ಪರದೆ ಬಿದ್ದು ಕಣಜದ ತುಂಬ ಚಪ್ಪಾಳೆ. ನಾಟಕ ಬರೆದ ಅವಳ ಮಗ ಇಂದ್ರಿಕಿಸ್ ಓಡಿಬಂದ. "ಅಮ್ಮಾ, ನಮ್ಮ ದಾರ್ತಾ ಇದ್ದ ಹಾಗೇ ಬಂದಿದಾಳೆ ಅಲ್ವಾ? ಒಂದು ಮಾತೂ ಸುಳ್ಳು ಬರ್ದಿಲ್ಲ."

"ಹೌದು ಕಣೋ, ಹಾಗೇ ಇದ್ಲು." ಟ್ರೀನೆ ಅವನ ಕೋಟಿನ ಗುಂಡಿ ಹಿಡಿದುಕೊಂಡಳು. "ಲೇಖನಿ ನಿನ್ನ ಕೈಲೇ ಇತ್ತಲ್ಲೋ. ಇಲ್ಲಾದ್ರೂ ಅವಳನ್ನ ಬದುಕಿಸ್ಬಾರ್ದಿತ್ತಾ?"