ಹಸಿರು ಚೀಟಿಯ ರಕ್ತ

ವಂಶ ನೋಡಿ ಹುಟ್ಟಿದಾಗಲೇ ಸರ್ಕಾರದವರು ಚೀಟಿ ಕೊಡುತ್ತಿದ್ದರು. ಸಕ್ಕರೆ ಕಾಯಿಲೆಯ ಪರೀಕ್ಷೆ ಕೆಂಪು ಚೀಟಿಯವರಿಗೆ ಮಾತ್ರ. ಸಿದ್ದಿ ಜನಾಂಗದವರಿಗೆ ಆ ಕಾಯಿಲೆ ಬರುವುದಿಲ್ಲವೆಂದು ಹಸಿರು ಚೀಟಿ.

ಸಿದ್ದಿ ಹೆಂಗಸು ಇಮಾಂಬಿಯ ಕಾಲಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ನೆರೆಮನೆಯ ಗಂಗವ್ವನ ಕೆಂಪು ಚೀಟಿ ಹಿಡಿದು ಆಸ್ಪತ್ರೆಗೆ ಬಂದಳು. ನರ್ಸ್ ಶೈಲಾ ಬೆರಳು ಚುಚ್ಚಿದಾಗ ಯಂತ್ರ ರಕ್ತದ ಸಕ್ಕರೆ ನಾನೂರ ಹತ್ತು ಎಂದು ತೋರಿಸಿತು.

“ಗಂಗವ್ವಾ, ಇವತ್ತ ಇನ್ಸುಲಿನ್ ಶುರು ಮಾಡಬೇಕು. ಈಗ ಎಷ್ಟು ಗುಳಿಗಿ ತಗೋತೀರಿ?”

ಇಮಾಂಬಿ ಒಂದು ಗುಳಿಗೆಯನ್ನೂ ನುಂಗಿದವಳಲ್ಲ. ತಪ್ಪು ಹೇಳಿದರೆ ತಪ್ಪು ಔಷಧಿ.

“ನಾ ಗಂಗವ್ವ ಅಲ್ರಿ ಅಕ್ಕಾರ. ನನ್ನ ಚೀಟಿ ಹಸಿರೈತ್ರಿ.”

ಶೈಲಾ ಎದ್ದು ಬಾಗಿಲು ಹಾಕಿದಳು. ಇಮಾಂಬಿಗೆ ಇನ್ಸುಲಿನ್ ಕೊಟ್ಟು, ಹೊಸ ಸೂಜಿಯಿಂದ ತನ್ನ ಬೆರಳನ್ನೂ ಚುಚ್ಚಿಕೊಂಡಳು.

“ನಂದೂ ಹಸಿರ. ಪಾದ ಜೋಮು ಹಿಡದು ತಿಂಗಳಾತು.”

ಯಂತ್ರ ಮುನ್ನೂರ ಅರವತ್ತು ತೋರಿಸಿತು. ಇಮಾಂಬಿ ಸರಿದು, ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟಳು.